ಊಟದ ಲೋಟ ಯಾಕೆ ನೆಗ್ಗಿ ಬರ್ತಿದೆ ಅಂತ ಕೇಳಿದ ಪೋಷಕರಿಗೆ

ನಮಸ್ಕಾರ,

ಈ ತಿಂಗಳು ಮೂರು ಮನೆಯಿಂದ ಒಂದೇ ಕಂಪ್ಲೇಂಟ್, ಮಗು ಊಟಕ್ಕೆ ಒಯ್ದ ಸ್ಟೀಲ್ ಲೋಟ ನೆಗ್ಗಿ ವಾಪಸ್ ಬರ್ತಿದೆ ಅಂತ. ತಪ್ಪು ನಂದೇ.

ಬ್ಯಾಂಡ್ ಮಕ್ಕಳಿಗೆ ಜೇಮ್ಸ್ ರೀಸ್ ಯೂರೋಪ್ ಅನ್ನೋರ ಕಥೆ ಹೇಳಿದ್ದೆ. ಹೆಸರು ಯೂರೋಪ್, ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಕಪ್ಪು ಸೈನಿಕರ 369ನೇ ರೆಜಿಮೆಂಟ್‌ನಲ್ಲಿ ಲೆಫ್ಟಿನೆಂಟ್, ಬ್ಯಾಂಡ್ ನಡೆಸ್ತಿದ್ದವ್ರೂ ಅವ್ರೇ. 1918ರ ಹೊಸವರ್ಷದ ದಿನ ಫ್ರಾನ್ಸಿನ ಬ್ರೆಸ್ಟ್ ಬಂದರಲ್ಲಿ ಇಳಿದವ್ರೇ ಅಲ್ಲಿನ ರಾಷ್ಟ್ರಗೀತೆ ನುಡಿಸಿದ್ರು, ನುಡಿಸೋ ವರಸೆ ಎಷ್ಟು ಬೇರೆ ಇತ್ತು ಅಂದ್ರೆ ಇದು ನಮ್ಮದೇ ಹಾಡು ಅಂತ ಫ್ರೆಂಚರಿಗೆ ಗೊತ್ತಾಗೋಕೇ ಸ್ವಲ್ಪ ಹೊತ್ತು ಹಿಡೀತಂತೆ, ಆಮೇಲೆ ದಡಬಡ ಅಂತ ಅಟೆನ್ಶನ್‌ಗೆ ನಿಂತ್ರಂತೆ. (ನಮ್ಮ ಪ್ರೇಯರ್‌ನಲ್ಲಿ ಯಾರೂ ಹೀಗೆ ಟ್ರೈ ಮಾಡೋ ಹಾಗಿಲ್ಲ ಅಂತ ಮೊದ್ಲೇ ಹೇಳಿದೀನಿ.)

ಆ ವರ್ಷ ಊರೂರು ಸುತ್ತಿ ನುಡಿಸಿದ್ರು, ಫ್ರಾನ್ಸಿಗೆ ಜಾಜ್ ಸಂಗೀತದ ಹುಚ್ಚು ಹತ್ತೋಕೆ ಇವ್ರೂ ದೊಡ್ಡ ಕಾರಣ. ಅಲ್ಲಿನ ಹೆಸರಾಂತ ಮಿಲಿಟರಿ ಬ್ಯಾಂಡೊಂದು ಇವ್ರದ್ದೇ ನೋಟ್ಸ್ ಇಸ್ಕೊಂಡು ನುಡಿಸಿದ್ರೂ ಆ ನಾದ ಬರ್ಲಿಲ್ವಂತೆ, ನಿಮ್ಮ ವಾದ್ಯದೊಳಗೇ ಏನೋ ಕರಾಮತ್ತು ಇದೆ ಅಂತ ತಿರುಗಿಸಿ ಮುರುಗಿಸಿ ನೋಡಿದ್ರಂತೆ. ಏನೂ ಇರ್ಲಿಲ್ಲ. ತುತ್ತೂರಿಯ ಅಗಲ ಬಾಯಿಗೆ ಮ್ಯೂಟ್ (ನಾದ ಅದುಮೋ ಬಿರಡೆ) ಸಿಕ್ಕಿಸಿ, ಜೋರಾಗಿ ಊದ್ತಾನೇ ನಾಲಿಗೆ ಗಿರಗಿರ ಆಡಿಸೋದು, ಅಷ್ಟೇ. ನಮ್ಮತ್ರ ಮ್ಯೂಟ್ ಇಲ್ಲ, ಲೋಟ ಇತ್ತು. ಬ್ಯೂಗಲ್ ಬಾಯಿಗೆ ಲೋಟ ಒತ್ತಿ ಹಿಡಿದ್ರೆ ನೆಗಡಿಯಾದವ್ರು ಜಗಳ ಆಡಿದ ಹಾಗೆ ಕೇಳುತ್ತೆ, ಮಕ್ಕಳಿಗೆ ಅದೇ ಖುಷಿ. ಒತ್ತಿ ಒತ್ತಿ ನೆಗ್ಗಿದ್ದು.

ಇನ್ನೊಂದು ವಿಷಯ, ಏಳನೇ ಕ್ಲಾಸಿನವ್ರು ಮನೇಲಿ ಕೇಳಬಹುದು. ಅಮೆರಿಕದ ಬಿಳಿ ಸೈನಿಕರು ಇವ್ರ ಪಕ್ಕ ನಿಂತು ಹೋರಾಡೋಕೆ ಒಪ್ಪದೆ ಇದ್ದಿದ್ರಿಂದ ಈ ರೆಜಿಮೆಂಟ್‌ನ ಫ್ರೆಂಚ್ ಸೇನೆ ಕೈಗೆ ಒಪ್ಪಿಸಿಬಿಟ್ರು, 191 ದಿನ ಮುಂಚೂಣಿಯಲ್ಲಿದ್ರು ಇವ್ರು. ಯೂರೋಪ್ ಅವ್ರೂ ಮಷಿನ್ ಗನ್ ಕಂಪನಿ ಆಫೀಸರ್ ಆಗಿ ಟ್ರೆಂಚಿಗೆ ಹೋದವ್ರು, ವಿಷಾನಿಲ ಕುಡಿದು ಆಸ್ಪತ್ರೆ ಸೇರಿ ಅಲ್ಲೇ ಮಲಗಿ ಹಾಡು ಬರೆದವ್ರು. ಇಷ್ಟೆಲ್ಲಾ ದಾಟಿ ಊರಿಗೆ ಬಂದ್ಮೇಲೆ 1919ರ ಮೇ 9ರಂದು ಬಾಸ್ಟನ್‌ನಲ್ಲಿ ಕಛೇರಿ ನಡೀತಿದ್ದಾಗ್ಲೇ ಅವ್ರದ್ದೇ ಬ್ಯಾಂಡಿನ ಡ್ರಮ್ಮರ್ ಒಬ್ಬ ಅವ್ರನ್ನ ಚಾಕುವಿನಿಂದ ಇರಿದು ಕೊಂದ. ಇದನ್ನ ಮಕ್ಕಳಿಗೆ ಹೇಳ್ಬೇಕೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡ್ದೆ. ಕೇಳೇಬಿಟ್ರು, "ಆಮೇಲೇನಾಯ್ತು ಮಿಸ್" ಅಂತ. ಹೇಳ್ದೆ.

ಸೋಮವಾರದಿಂದ ಲೋಟದ ಬದ್ಲು ಅರ್ಧ ತೆಂಗಿನ ಚಿಪ್ಪು ಕಳ್ಸಿ, ನಾರು ಚೆನ್ನಾಗಿ ಉಜ್ಜಿ. ಮೂರು ಲೋಟದ ದುಡ್ಡು ನಾನೇ ಕೊಡ್ತೀನಿ.

ಇಂತಿ,
ಮುಖ್ಯ ಶಿಕ್ಷಕಿ