ಗಿಟಾರ್ ಮಾರಬೇಡ ದೋಸ್ತ

ದೋಸ್ತ,

ನಿನ್ನೆ ನಿನ್ನ ಮೆಸೇಜ್ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಎಲೆಕ್ಟ್ರಿಕ್ ಗಿಟಾರ್ ಮಾರಿಬಿಡ್ತೀನಿ ಅಂದಿದ್ದೀಯ. ಕೈ ಗೀರುತ್ತದೆ, ಶ್ರುತಿ ನಿಲ್ಲುವುದಿಲ್ಲ, ತಂತಿಯ ಕಂಪನವನ್ನು ಕರೆಂಟಾಗಿಸುವ ಮೂರು ಪಿಕಪ್‌ಗಳಲ್ಲಿ ನಡುವಿನದು ಸತ್ತಿದೆ, ಬಂದಷ್ಟಕ್ಕೆ ಕೊಟ್ಟು ಹೊಸದು ತಗೋತೀನಿ ಅಂತ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಬಿಡು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ನಿನ್ನಂತೆ ಮಾರಲು ಹೊರಟವರು ಇನ್ನೂ ನಾಲ್ಕು ಮಂದಿ ಇರಬಹುದು.

ಕೈ ಗೀರುವುದು ಗಿಟಾರಿನ ತಪ್ಪಲ್ಲ. ಅದು ನಿಮ್ಮ ರಾಯಚೂರಿನ ಬಿಸಿಲು. ಬೇಸಿಗೆಯ ಒಣ ಗಾಳಿಗೆ ಬೆರಳು ಒತ್ತುವ ಫ್ರೆಟ್‌ಬೋರ್ಡಿನ ಮರ ತೇವ ಕಳೆದುಕೊಂಡು ಅಡ್ಡಕ್ಕೆ ಕುಗ್ಗುತ್ತದೆ. ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಫ್ರೆಟ್ಟು ಲೋಹದ ಪಟ್ಟಿ, ಅದು ಕುಗ್ಗುವುದಿಲ್ಲ. ತುದಿಗಳು ಕೂದಲೆಳೆಯಷ್ಟು ಹೊರಗೆ ಬರುತ್ತವೆ, ಅಷ್ಟಕ್ಕೇ ಅಂಗೈ ಕೆಂಪಾಗುತ್ತದೆ. ಮಳೆಗಾಲದಲ್ಲಿ ಬಿಗಿಯುವ ಬಾಗಿಲು ಬೇಸಿಗೆಯಲ್ಲಿ ಸಡಿಲವಾಗುತ್ತದಲ್ವಾ, ಹಾಗೆಯೇ. ಮರಕ್ಕೆ ಟೇಪು ಹಚ್ಚಿ, ಸಣ್ಣ ಅರದಿಂದ ಒಂದೊಂದೇ ತುದಿ ಉಜ್ಜಬೇಕು. ಮೊದಲು ಮರದ ಮಟ್ಟಕ್ಕೆ, ಆಮೇಲೆ ಕೊಂಚ ಓರೆ. 22 ಫ್ರೆಟ್ಟಿಗೆ 44 ತುದಿ, ಒಂದು ಮಧ್ಯಾಹ್ನದ ಕೆಲಸ. ಇದನ್ನು ಈಗಲೇ ಮಾಡಬೇಕು. ಮರ ಪೂರ್ತಿ ಕುಗ್ಗಿರುವಾಗ ಉಜ್ಜಿದರೆ ಮತ್ತೆ ಹೊರಗೆ ಬರಲು ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಉಜ್ಜಿದರೆ ಬರುವ ಏಪ್ರಿಲ್‌ಗೆ ಮತ್ತೆ ಚುಚ್ಚುತ್ತದೆ.

ಶ್ರುತಿ ನಿಲ್ಲದಿರುವುದಕ್ಕೆ ನೀನು ಟ್ಯೂನಿಂಗ್ ಕೀಗಳನ್ನು ಬೈಯುತ್ತಿದ್ದೀಯ. ನಾನೂ ಹಿಂದೆ ನನ್ನ ಗಿಟಾರಿಗೆ ಆರಕ್ಕೆ ಆರೂ ಕೀ ಬದಲಿಸಿದೆ, ಏನೂ ಆಗಲಿಲ್ಲ. ತೊಂದರೆ ಇದ್ದದ್ದು ನಟ್ಟಿನಲ್ಲಿ, ಅಂದರೆ ಕೀಗಳಿಗೂ ಫ್ರೆಟ್‌ಬೋರ್ಡಿಗೂ ನಡುವೆ ತಂತಿಗಳು ಸೀಳುಗಳಲ್ಲಿ ಕೂರುವ ಸಣ್ಣ ಪಟ್ಟಿಯಲ್ಲಿ. ಮೂರನೇ ತಂತಿಯ ಶ್ರುತಿ ಏರಿಸುವಾಗ "ಟಿಣ್" ಅಂತ ಒಂದು ಸದ್ದು ಬರುತ್ತದೆ, ಕಿವಿಗೊಟ್ಟು ಕೇಳು. ತಂತಿ ಸೀಳಿನಲ್ಲಿ ಸಿಕ್ಕಿಕೊಂಡು ಒಮ್ಮೆಲೇ ಜಾರಿದ ಸದ್ದು ಅದು. ನೀನು ತಂತಿ ಎಳೆದು ನುಡಿಸಿದಾಗ ಕೀ ಕಡೆಯಿಂದ ಚೂರು ತಂತಿ ಈಚೆ ಬರುತ್ತದೆ, ವಾಪಸ್ ಹೋಗುವುದಿಲ್ಲ. ಶ್ರುತಿ ಇಳಿಯದೆ ಏನಾಗುತ್ತದೆ? 400 ನಂಬರಿನ ಪಾಲಿಶ್ ಪೇಪರನ್ನು ಮಡಚಿ ಸೀಳಿನ ಒಳಗೋಡೆ ನುಣುಪು ಮಾಡಿ, ಪೆನ್ಸಿಲ್ ಸೀಸದ ಪುಡಿ ಸವರಿದರೆ ತಂತಿ ಆರಾಮಾಗಿ ಸರಿಯುತ್ತದೆ. ಆಳ ಮಾತ್ರ ಜಾಸ್ತಿ ಆಗಬಾರದು. ಮೂರನೇ ಫ್ರೆಟ್ಟಿನ ಹಿಂದೆ ತಂತಿ ಒತ್ತಿ ಹಿಡಿ, ಮೊದಲ ಫ್ರೆಟ್ಟಿನ ಮೇಲೆ ಒಂದು ಹಾಳೆ ತೂರುವಷ್ಟು ಸಂದಿರಬೇಕು. ನಾನೊಮ್ಮೆ ಆಳ ಹೆಚ್ಚು ಮಾಡಿ, ಖಾಲಿ ತಂತಿ ಮೀಟಿದರೆ ಜರ್ ಅನ್ನತೊಡಗಿತು. ಅಡುಗೆಮನೆಯ ಸೋಡಾಪುಡಿ ಸೀಳಿಗೆ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಕ್ಷಣದಲ್ಲಿ ಕಲ್ಲಾಯಿತು. ಹೊಸದಾಗಿ ಸೀಳು ತೆಗೆದೆ. ಆ ಗಿಟಾರ್ ಇವತ್ತಿಗೂ ಚೆನ್ನಾಗಿದೆ.

ಇನ್ನು ಪಿಕಪ್ಪು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದಾಗ ಮೀಟರ್ ಹಿಡಿದು ನೋಡಿದ್ದೆವಲ್ಲ, ಮುಳ್ಳು ಅಲುಗಲೇ ಇಲ್ಲ. ಒಳಗೆ ತಂತಿ ತುಂಡಾಗಿದೆ ಅಷ್ಟೇ. ಅಯಸ್ಕಾಂತ ಸರಿಯಾಗಿದೆ. ನಮ್ಮ ಓಣಿಯ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಬೋರ್‌ವೆಲ್ ಮೋಟಾರಿಗೆ ಸುತ್ತುವುದೂ ಎನಾಮಲ್ ಹಚ್ಚಿದ ತಾಮ್ರದ ತಂತಿಯನ್ನೇ. ಅಲ್ಲಿ ತಂತಿ ದಪ್ಪ, ಇಲ್ಲಿ 42 ಗೇಜ್, ತಲೆಗೂದಲಿನಷ್ಟು ಸಣ್ಣ. ನಾನು ಸುತ್ತುವುದನ್ನು ಕಲಿತದ್ದು ಆ ಅಂಗಡಿಯ ಮಿಸ್ತ್ರಿ ಹತ್ತಿರ. "ತಂತೀನ ಹಿಡೀಬ್ಯಾಡ, ಬೆರಳ ಮ್ಯಾಲೆ ಹಾಯಾಕ ಬಿಡು" ಅಂದರು. ಆ ಒಂದು ಮಾತಿಗೆ ನನ್ನ ಕೈ ತಿದ್ದಿತು.

ಡ್ರಿಲ್ಲಿಗೆ ಬಾಬಿನ್, ಅಂದರೆ ತಂತಿ ಸುತ್ತುವ ಪಿಕಪ್ಪಿನ ಚೌಕಟ್ಟು, ಕಟ್ಟಿ ನಿಧಾನಕ್ಕೆ ತಿರುಗಿಸುತ್ತೇನೆ. ಎಣಿಸಲು ಹಳೇ ಕ್ಯಾಲ್ಕುಲೇಟರ್. ಅದರ ಸಮ ಚಿಹ್ನೆಯ ಗುಂಡಿಗೆ ಎರಡು ವೈರ್ ಬೆಸೆದು ರೀಡ್ ಸ್ವಿಚ್ಚಿಗೆ ಕೊಟ್ಟಿದ್ದೇನೆ. ಡ್ರಿಲ್ಲಿನ ತಲೆಗೆ ಅಂಟಿಸಿದ ಸಣ್ಣ ಅಯಸ್ಕಾಂತ ಸ್ವಿಚ್ಚಿನ ಮುಂದೆ ಹಾದಾಗಲೆಲ್ಲ ಲೆಕ್ಕ ಒಂದೊಂದೇ ಏರುತ್ತದೆ. ಮೊದಲ ಸಲ 3,100 ಸುತ್ತು ಆಗಿತ್ತು, ಕರೆಂಟ್ ಹೋಗಿ ಬಂದ ಎಳೆತಕ್ಕೆ ತಂತಿ ಪಟ್ಟನೆ ಹರಿಯಿತು. ಅವತ್ತು ತುಂಬಾ ಬೇಜಾರಾಯಿತು. ಮರುದಿನ ಮತ್ತೆ ಮೊದಲಿಂದ ಕೂತೆ. ಸುಮಾರು 8,000 ಸುತ್ತು ಮುಗಿಸಿ ಮೀಟರ್ ಇಟ್ಟರೆ 6 ಕಿಲೋ ಓಮ್ ಹತ್ತಿರ ತೋರಿಸಿತು. ಆ ಮುಳ್ಳು ಏಳುವುದನ್ನು ನೀನು ನೋಡಬೇಕಿತ್ತು.

ನಿನ್ನದನ್ನು ಉಲ್ಟಾ ಸುತ್ತೋಣ. ನಡುವಿನ ಪಿಕಪ್ಪಿನ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಉಳಿದೆರಡಕ್ಕೆ ಉಲ್ಟಾ ಇಟ್ಟರೆ, ಅದರ ಜೊತೆ ಇನ್ನೊಂದನ್ನು ಸೇರಿಸಿ ನುಡಿಸುವಾಗ ಮನೆಯ ಕರೆಂಟಿನಿಂದ ಪಿಕಪ್ಪಿಗೆ ಸೇರುವ ಆ 50 ಹರ್ಟ್ಸ್ ಗುಂಯ್ ಸದ್ದು ಒಂದನ್ನೊಂದು ಕಳೆಯುತ್ತದೆ, ತಂತಿಯ ನಾದ ಮಾತ್ರ ಕೂಡುತ್ತದೆ. ನಿನಗೆ ಆ ಗುಂಯ್ ಯಾವತ್ತೂ ಆಗಿಬರುತ್ತಿರಲಿಲ್ಲ ಅಲ್ವಾ?

ಈ ರಿಪೇರಿಗಿಂತ ಮುಖ್ಯವಾದ ಇನ್ನೊಂದು ಮಾತಿದೆ. ಹೋದ ವರ್ಷ ಹಳೇ ತೇಗದ ಬಾಗಿಲಿನಿಂದ ಗಿಟಾರಿನ ಬಾಡಿ ಕೊಯ್ದೆ. ಚಿಲಕದ ತೂತು ಹಾಗೇ ಇತ್ತು. ಕಿನ್ನಾಳದ ಚಿತ್ರಗಾರರು ಮರದ ಪುಡಿಯನ್ನು ಹುಣಸೆ ಅಂಟಿನಲ್ಲಿ ಕಲಸಿ ಗೊಂಬೆಯ ಸಂದು ತುಂಬುತ್ತಾರಲ್ಲ, ಅದನ್ನು ನೆನೆದು ಆ ತೂತಿಗೆ ತೇಗದ ಪುಡಿ, ಫೆವಿಕಾಲ್ ಕಲಸಿ ತುಂಬಿದೆ. ಬಾಡಿ ಚೆನ್ನಾಗೇ ಬಂತು. ಫ್ರೆಟ್ಟುಗಳು ಕೂರುವ ಉದ್ದನೆಯ ಕತ್ತು, ಆ ನೆಕ್ಕನ್ನೂ ನಾನೇ ಮಾಡುತ್ತೇನೆ ಅಂತ ಹೊರಟೆ. 648 ಮಿಲಿಮೀಟರ್ ತಂತಿ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ, ನಟ್ಟಿನಿಂದ 36.37. ಉಳಿದದ್ದನ್ನು ಮತ್ತೆ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ 12ನೆಯದು ಸರಿಯಾಗಿ ನಡುವೆ, 324ಕ್ಕೆ ಬರುತ್ತದೆ. ಬಡಿಗೇರ ಕಾಕಾ ನೂಲಿನ ಲೆಕ್ಕದಲ್ಲಿ, ಅಂದರೆ ಇಂಚಿನ ಎಂಟನೇ ಒಂದು ಭಾಗದ ಅಳತೆಯಲ್ಲಿ, ಕೊಯ್ಯುವವರು, ಅವರ ಗರಗಸವನ್ನೇ ಇಸಕೊಂಡು ಬಂದು ಕೊಯ್ದೆ. ಏಳನೇ ಫ್ರೆಟ್ಟು ಜಾಗ ಬಿಟ್ಟು ಸರಿದುಹೋಯಿತು. ಅಲ್ಲಿ ಬೆರಳಿಟ್ಟಾಗಲೆಲ್ಲ ಅಪಸ್ವರ. ಆ ನೆಕ್ಕನ್ನು ತೆಗೆದು ಗೂಟಕ್ಕೆ ನೇತುಹಾಕಿದ್ದೇನೆ. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ನೆಕ್ ಕೊಂಡು ಅದೇ ಬಾಗಿಲಿಗೆ ಕೂರಿಸಿದೆ. ಸಲೀಸಾಗಿ ನುಡಿಯಿತು.

ಅವತ್ತಿನಿಂದ ಗಿಟಾರ್ ಕೈಗೆ ಬಂದರೆ ಮೊದಲು ನೆಕ್ ನೋಡುತ್ತೇನೆ. ಬಾಡಿಗೆ ಯಾವ ಮರ ಅಂತ ಜನ ಇಡೀ ರಾತ್ರಿ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಮಾತು. ನಿನ್ನ ನೆಕ್ ನೆಟ್ಟಗಿದೆ, ಫ್ರೆಟ್ಟುಗಳು ಜಾಗದಲ್ಲಿವೆ, ಇನ್ನೂ ಸವೆದಿಲ್ಲ. ಬಳ್ಳಾರಿಯ ಹಾಸ್ಟೆಲ್ ಮಾಳಿಗೆ ಮೇಲೆ ನಾವಿಬ್ಬರೂ ಬೆರಳು ಕೂರಿಸಲು ಕಲಿತದ್ದು ಆ ನೆಕ್ಕಿನ ಮೇಲೇ. ಅದನ್ನು ಯಾಕೆ ಕೊಡುತ್ತೀಯ?

1950ರಲ್ಲಿ ಇಂಥ ಟೊಳ್ಳಿಲ್ಲದ ಗಟ್ಟಿ ಬಾಡಿಯ ಗಿಟಾರನ್ನು ಅಂಗಡಿಗೆ ತಂದ ಅಮೆರಿಕದ ಲಿಯೋ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂನಲ್ಲಿ ಬಿಗಿದ. ಕೆಟ್ಟದ್ದನ್ನಷ್ಟೇ ಬಿಚ್ಚಿ ಬದಲಿಸಬಹುದು. ನಿನ್ನದೂ ಅದೇ ನಾಲ್ಕು ಸ್ಕ್ರೂ.

ಈ ಶನಿವಾರ ಸಂಜೆ ಬಾ. ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡ, ತಂತಿಗಳನ್ನು ಸ್ವಲ್ಪ ಸಡಿಲ ಬಿಡು. 10 ನಂಬರಿನ ಹೊಸ ತಂತಿ ಒಂದು ಸೆಟ್ ತಾ. ತಾಮ್ರ ನನ್ನ ಹತ್ತಿರ ಇದೆ. ಸುತ್ತಿದ ಮೇಲೆ ಪಿಕಪ್ಪನ್ನು ಬಿಸಿ ಮೇಣದಲ್ಲಿ ಅದ್ದಬೇಕು, ಇಲ್ಲದಿದ್ದರೆ ಆಂಪ್ಲಿಫೈಯರ್ ಜೋರು ಮಾಡಿದಾಗ ಕಿರುಚುತ್ತದೆ. 65 ಡಿಗ್ರಿ ದಾಟಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗಬಹುದು, ಹಾಗಾಗಿ ಒಬ್ಬರು ಥರ್ಮಾಮೀಟರ್ ಹಿಡಿದು ಕೂರಬೇಕು. ಅದು ಆರಲು ಹೊತ್ತು ಹಿಡಿಯುತ್ತದೆ, ರಾತ್ರಿ ಉಳಿಯುವ ಹಾಗೆ ಬಾ. ಅವ್ವ ರೊಟ್ಟಿ ಬಡಿಯುತ್ತೇನೆ ಅಂದಿದ್ದಾಳೆ.

ನಿನ್ನ ದೋಸ್ತ,
ಕೊಪ್ಪಳದಿಂದ