ಮಗಳಿಗೊಂದು ಪತ್ರ: ಕೂತಲ್ಲೇ ಬರುವ ದುಡ್ಡು, ದುಡಿಮೆಯ ಲೆಕ್ಕ

ಪ್ರೀತಿಯ ಪುಟ್ಟಿ,

ಎಲ್ಲರಿಗೂ ಮೂಲ ಆದಾಯ, ಅಂದರೆ ಷರತ್ತಿಲ್ಲದೆ ತಿಂಗಳು ತಿಂಗಳು ಇಷ್ಟು ಅಂತ ಹಣ, ಕೊಟ್ಟರೆ ಜನ ಮೈಗಳ್ಳರಾಗುವುದಿಲ್ಲವೇ ಅಂತ ಕೇಳಿದ್ದೀಯ. ಮೊದಲು ನಮ್ಮ ಯುವನಿಧಿಯ ಲೆಕ್ಕ ನೋಡು. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವುದು ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ಬಂದ್. 9,000 ಸಂಬಳದ ಕೆಲಸ ಹಿಡಿದವಳಿಗೆ ಹೆಚ್ಚಿಗೆ ಸಿಗುವುದು 6,000. ಬಸ್ಸು ಬಿಟ್ಟಿ, ಸರಿ. ಪಿಜಿ ಬಾಡಿಗೆ, ಊಟ ಕಳೆದರೆ ಉಳಿಯುವುದೇನು? ಅವಳು ಹಿಂಜರಿದರೆ ಸೋಮಾರಿ ಅನ್ನಬೇಡ, ಲೆಕ್ಕ ಬಲ್ಲವಳು ಅನ್ನು. ಮೂಲ ಆದಾಯವಾದರೆ ಕೆಲಸ ಸಿಕ್ಕರೂ ನಿಲ್ಲುವುದಿಲ್ಲ, ಸಂಬಳ ಪೂರ್ತಿ ಅವಳದೇ.

ಹಾಗಂತ ಅದರಿಂದಲೇ ಕೆಲಸ ಹುಟ್ಟುವುದೂ ಇಲ್ಲ. ಫಿನ್‌ಲೆಂಡ್ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಿತು. ಅವರು ಉಳಿದ ನಿರುದ್ಯೋಗಿಗಳಿಗಿಂತ ವರ್ಷಕ್ಕೆ ಸುಮಾರು ಆರು ದಿನ ಹೆಚ್ಚು ದುಡಿದರು, ಅಷ್ಟೇ.

ನನಗೆ ಮುಖ್ಯ ಅನ್ನಿಸುವುದು ಮಧ್ಯಪ್ರದೇಶದ ಪ್ರಯೋಗ. 2011-12ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ 'ಸೇವಾ' ಯುನಿಸೆಫ್ ನೆರವಿನಿಂದ ಕೆಲವು ಹಳ್ಳಿಗಳ ಎಲ್ಲರಿಗೂ ಹಣ ಕೊಟ್ಟಿತು: ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಆಮೇಲೆ 300 ಮತ್ತು 150. ಗಂಡ, ಹೆಂಡತಿ, ಮೂರು ಮಕ್ಕಳಿದ್ದರೆ ಮೊದಲಿಗೆ 700, ನಂತರ 1,050. ಅದರಲ್ಲಿ ಮನೆ ನಡೆಯದು, ಆದರೆ ಬೀಜ ಗೊಬ್ಬರ ಬರುತ್ತದೆ. ಬಿತ್ತನೆ ಹೊತ್ತಿಗೆ ಕೈ ಖಾಲಿಯಾದ ರೈತ ಸಾಲ ಮಾಡುತ್ತಾನೆ. ಸಾಲ ತೀರಿಸಲು ಇನ್ನೊಬ್ಬರ ಹೊಲದಲ್ಲಿ ಕೂಲಿ. ತನ್ನ ಹೊಲದ ಕಳೆ ಕೀಳುವ ಹೊತ್ತಿಗೆ ತಾನೇ ಇಲ್ಲ. ಹಣ ಬಂದ ಮೇಲೆ ಅಲ್ಲಿ ದುಡಿಮೆ ಕುಗ್ಗಲಿಲ್ಲ, ಕೂಲಿಯಿಂದ ಸ್ವಂತ ಹೊಲಕ್ಕೆ, ಆಡು ಸಾಕಣೆಗೆ, ಹೊಲಿಗೆ ಯಂತ್ರಕ್ಕೆ ಸರಿಯಿತು. ಕೂಲಿಯಾಳು ಸಿಗುತ್ತಿಲ್ಲ ಅಂತ ಗೊಣಗುವ ಜಮೀನ್ದಾರ ಯಾವುದನ್ನು ಸೋಮಾರಿತನ ಅನ್ನುತ್ತಾನೆ, ನೀನೇ ಯೋಚಿಸು.

ಎಲ್ಲ ಕಡೆಯೂ ಹೀಗೇ ಆಯಿತೆಂದರೆ ಸುಳ್ಳಾಗುತ್ತದೆ. ಅಮೆರಿಕದ ಟೆಕ್ಸಾಸ್, ಇಲಿನಾಯ್‌ಗಳಲ್ಲಿ ಕಡಿಮೆ ಆದಾಯದ ಸಾವಿರ ಜನರಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟಾಗ ದುಡಿಮೆ ವಾರಕ್ಕೆ ಸುಮಾರು 1.3 ಗಂಟೆ ಇಳಿಯಿತು, ಬಿಡುವು ಹೆಚ್ಚಿತು. ಮೊತ್ತ ದೊಡ್ಡದಾದಷ್ಟೂ 'ಈ ಕೆಲಸ ಒಲ್ಲೆ' ಅನ್ನುವ ಧೈರ್ಯ ಬರುತ್ತದೆ. ನನಗದು ತಪ್ಪು ಅನ್ನಿಸುವುದಿಲ್ಲ.

ಒಂದು ತೊಡಕಿದೆ. ಇವೆಲ್ಲ ಯಾವಾಗ ಮುಗಿಯುತ್ತವೆಂದು ಮೊದಲೇ ಗೊತ್ತಿದ್ದ ಪ್ರಯೋಗಗಳು. ಮೂರು ವರ್ಷದ ದುಡ್ಡು ನಂಬಿ ನೌಕರಿ ಬಿಡುವವರು ಕಡಿಮೆ. ಕೆನ್ಯಾದ ಹಳ್ಳಿಗಳಲ್ಲಿ 12 ವರ್ಷ ಕೊಡುವ ಪ್ರಯೋಗವೊಂದಿದೆ. ಅದರ ಮೊದಲ ವರ್ಷಗಳ ಫಲಿತಾಂಶದಲ್ಲೂ ಜನ ಕೂಲಿ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿದದ್ದೇ ಕಾಣುತ್ತದೆ. ಚರ್ಚಾಸ್ಪರ್ಧೆಗೆ ಹೋಗುವ ಮೊದಲು ಅದನ್ನು ಓದಿಕೋ.

ಇತಿ,
ನಿನ್ನ ಅಮ್ಮ