ನಮ್ಮ ಗೇಟಿನ ಮುಂದೊಂದು ಹಿಮಾಲಯ

ಸಂಪಾದಕರೇ,

ನಮ್ಮ ಓಣಿ ರಸ್ತೆ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ಸುದ್ದಿ ಓದಿದೆ. ಗಟಾರದಿಂದ ತೆಗೆದು ರಾಶಿ ಹಾಕಿದ ಮಣ್ಣು ‘ಒಂದು ಮಳೆ ಬಿದ್ದರೆ ತಾನೇ ಕೂರುತ್ತದೆ’ ಅಂದಿದ್ದಾರಂತೆ ನಗರಸಭೆ ಸಾಹೇಬರು. ಬಹಳ ಸಂತೋಷ. ಆ ಗುಡ್ಡೆ ಈಗ ನನ್ನ ಗೇಟಿಗೆ ಆತುಕೊಂಡು ನಿಂತಿದೆ. ಸ್ಕೂಟರ್ ಐದು ದಿನದಿಂದ ಒಳಗೇ ಇದೆ. ನಿನ್ನೆ ಹಾಲಿನ ಹುಡುಗ ಪಾಕೀಟನ್ನು ಗುಡ್ಡೆ ಆಚೆಯಿಂದಲೇ ಎಸೆದ, ಅದು ಒಡೆದು ಕಟ್ಟೆಯೆಲ್ಲ ಹಾಲು. ಮೊಣಕಾಲು ನೋವಿರುವ ನನ್ನ ಹೆಂಡತಿಯನ್ನು ದವಾಖಾನೆಗೆ ಕರೆದೊಯ್ಯಲು ಇಬ್ಬರು ಹಿಡಿದು ದಾಟಿಸಬೇಕಾಯಿತು.

ನಾನು 31 ವರ್ಷ ಭೂಗೋಳ ಕಲಿಸಿದ ಮಾಸ್ತರ. ಸುಮ್ನೆ ಬಯ್ಯುವುದಿಲ್ಲ, ಪಾಠ ಮಾಡಿಯೇ ಬಯ್ಯುತ್ತೇನೆ. ಜೆಸಿಬಿ ಮಣ್ಣು ನೂಕುವುದನ್ನು ಕಟ್ಟೆ ಮೇಲೆ ಕೂತು ನೋಡಿದೆ, ಹೊರಗಂತೂ ಹೋಗುವ ಹಾಗಿರಲಿಲ್ಲವಲ್ಲ. ಮಣ್ಣು ಮೊದಲು ಬಕೆಟ್ ಮುಂದೆ ಎತ್ತರ ಆಗುತ್ತದೆ. ರಾಶಿಯ ಇಳಿಜಾರು ಒಂದು ಮಟ್ಟಕ್ಕೆ ಬಂತೆಂದರೆ ಇಡೀ ರಾಶಿಯೇ ಮುಂದೆ ಸರಿಯುತ್ತದೆ, ಅದರ ಬುಡದಲ್ಲಿ ಹೊಸ ಮಣ್ಣು ಹೆಂಟೆ ಹೆಂಟೆಯಾಗಿ ಮುರಿದು ಮೇಲೇಳುತ್ತದೆ. ಹಿಮಾಲಯ ಬೆಳೆದದ್ದೂ ಹೆಚ್ಚುಕಡಿಮೆ ಹೀಗೇ. ಸುಮಾರು 5 ಕೋಟಿ ವರ್ಷದ ಹಿಂದೆ ನಮ್ಮ ನೆಲ ಹೋಗಿ ಏಷ್ಯಾಕ್ಕೆ ಗುದ್ದಿತು. ನಡುವೆ ಇದ್ದ ಟೆಥಿಸ್ ಸಮುದ್ರದ ತಳ, ನವಲಗುಂದದ ಜಮಖಾನೆಯನ್ನು ಗೋಡೆಗೆ ನೂಕಿದ ಹಾಗೆ ಮಡಿಕೆ ಬಿತ್ತು, ಆಮೇಲೆ ಹರಿದು ಒಂದರ ಮೇಲೊಂದು ಹತ್ತಿ ಕೂತಿತು. ದೇವರ ಮನೆಯ ಸಾಲಿಗ್ರಾಮದ ಚಕ್ರ ಆ ಸಮುದ್ರದ ಜೀವಿಯದೇ. ಎವರೆಸ್ಟ್ ತುದಿಯ ಸುಣ್ಣಕಲ್ಲೂ ಸಮುದ್ರದ್ದೇ.

ನೂಕಾಟ ಇನ್ನೂ ನಿಂತಿಲ್ಲ. ವರ್ಷಕ್ಕೆ 4-5 ಸೆಂ.ಮೀ. ನಾವು ಉತ್ತರಕ್ಕೆ ಸರಿಯುತ್ತಿದ್ದೇವೆ, ಅದರಲ್ಲಿ ಸುಮಾರು 2 ಸೆಂ.ಮೀ. ಹಿಮಾಲಯವೇ ನುಂಗುತ್ತದೆ. ಗಂಗಾ, ಬ್ರಹ್ಮಪುತ್ರ ಎಷ್ಟು ಮಣ್ಣು ಹೊತ್ತು ಬಂಗಾಳ ಕೊಲ್ಲಿಗೆ ಸುರಿದರೂ ಹಿಮಾಲಯ ಕೂರಲಿಲ್ಲ ಸಾಹೇಬರೇ. ಮೇಲೆ ಸವೆದ ಹಾಗೆ ಕೆಳಗಿನ ಕಲ್ಲು ಮೇಲೆ ಬರುತ್ತದೆ, ಯಾಕಂದರೆ ಹಿಂದಿನಿಂದ ನೂಕುವುದು ಬಿಟ್ಟಿಲ್ಲ. ನಿಮ್ಮ ಜೆಸಿಬಿಯೂ ಬಿಟ್ಟಿಲ್ಲ, ದಿನಾ ಸಂಜೆ ಬಂದು ಇನ್ನಷ್ಟು ನೂಕುತ್ತದೆ. ನೂಕುವುದು ನಿಂತ ಮೇಲೆ ಸವೆಯುತ್ತದೆ ಅನ್ನುವುದು ನಿಜ, ನಮ್ಮ ಕಪ್ಪತಗುಡ್ಡ ಇದೆಯಲ್ಲ. ಸುಮಾರು 250 ಕೋಟಿ ವರ್ಷದ ಕಲ್ಲು ಅದು. ಅಷ್ಟು ದಿನ ಕಾಯಲು ಹೇಳುತ್ತೀರಾ?

ಇನ್ನೊಂದು. ಬೆಟ್ಟದ ಅಡಿಯ ಬಿರುಕು ವರ್ಷಗಟ್ಟಲೆ ಕಚ್ಚಿಕೊಂಡಿದ್ದು ಒಂದು ದಿನ ಒಮ್ಮೆಲೇ ಜಾರುತ್ತದೆ. 2015ರಲ್ಲಿ ನೇಪಾಳದಲ್ಲಿ 7.8ರ ಭೂಕಂಪ ಆಗಿದ್ದು ಹಾಗೆ. ನಮ್ಮ ಗುಡ್ಡೆಯೂ ನಿನ್ನೆ ರಾತ್ರಿ ಜಾರಿತು, ನಳದ ಮೇಲೆ. ನೀರು ಬರುವುದೇ ಹತ್ತು ದಿನಕ್ಕೊಮ್ಮೆ, ಅದೂ ನಡುರಾತ್ರಿ ಎರಡಕ್ಕೆ, ಈಗ ಅದೂ ಇಲ್ಲ. ಬೀದಿದೀಪಕ್ಕೆ ಕೊಟ್ಟ ಅರ್ಜಿ ಮೂರು ವರ್ಷದಿಂದ ಒಂದೇ ಟೇಬಲ್ ಮೇಲಿದೆ. ಖಂಡಗಳೇ ಅದಕ್ಕಿಂತ ಜೋರಾಗಿ ಓಡುತ್ತವೆ. ಕೇಳಲು ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಯಾವಾಗ ನೋಡಿದರೂ ಮೀಟಿಂಗ್, ಅಲ್ವಾ?

ಮಣ್ಣು ತೆಗೆಸಿರಿ. ಆಗದಿದ್ದರೆ ಮೆಟ್ಟಿಲಾದರೂ ಕಡಿಸಿ ಕೊಡಿರಿ. ಅದೂ ಆಗದಿದ್ದರೆ ಸಾಹೇಬರೇ ಒಮ್ಮೆ ಗುಡ್ಡೆ ಹತ್ತಿ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಲಿ, ಹಾಲು ಮಾತ್ರ ಅವರೇ ತರಬೇಕು.

ಒಬ್ಬ ನಿವೃತ್ತ ಮಾಸ್ತರ, ಗದಗ